ಒಂದೇ ಮೈ, ಎರಡು ಚಿಪ್: ಇಂಟೆಲ್ ಏರ್ ಮತ್ತು ಎಂ1 ಏರ್

2020ರಲ್ಲಿ ಆಪಲ್ ಎರಡು ಸಲ ಮ್ಯಾಕ್‌ಬುಕ್ ಏರ್ ಲ್ಯಾಪ್‌ಟಾಪ್ ತಂದಿತು. ಮಾರ್ಚ್‌ನಲ್ಲಿ ಬಂದದ್ದರಲ್ಲಿ ಇಂಟೆಲ್ ಪ್ರೊಸೆಸರ್, ನವೆಂಬರ್‌ನಲ್ಲಿ ಬಂದದ್ದರಲ್ಲಿ ಆಪಲ್‌ನದೇ ಎಂ1 ಚಿಪ್. ಮುಚ್ಚಿಟ್ಟರೆ ಯಾವುದು ಯಾವುದೆಂದು ಗೊತ್ತೇ ಆಗುವುದಿಲ್ಲ. ತೂಕ ಎರಡೂ 1.29 ಕೆಜಿ, ಬ್ಯಾಟರಿ ಎರಡರಲ್ಲೂ 49.9 ವ್ಯಾಟ್-ಅವರ್, ಅಮೆರಿಕದಲ್ಲಿ ಆರಂಭದ ಬೆಲೆ ಎರಡಕ್ಕೂ 999 ಡಾಲರ್. ನಮ್ಮ ಮನೆಯಲ್ಲಿ ಎರಡೂ ಇವೆ, ಎರಡರಲ್ಲೂ ದಿನಾ ಕೆಲಸ ನಡೆಯುತ್ತದೆ. ಆಪಲ್ ಇಂಟೆಲನ್ನು ಯಾಕೆ ಬಿಟ್ಟಿತು ಅಂತ ಕೇಳುವವರಿಗೆ ಈ ಜೋಡಿಯನ್ನೇ ತೋರಿಸುತ್ತೇನೆ.

ಮದುವೆ ವಿಡಿಯೋ ಒಂದನ್ನು ಎರಡರಲ್ಲೂ ಎಕ್ಸ್‌ಪೋರ್ಟ್‌ಗೆ ಹಾಕಿ ನೋಡಿದೆ. ಇಂಟೆಲ್‌ನಲ್ಲಿ ಸ್ವಲ್ಪ ಹೊತ್ತಿಗೇ ಫ್ಯಾನ್ ತಿರುಗುವ ಸದ್ದು ಕೇಳುತ್ತದೆ, ತೊಡೆಗೆ ಬಿಸಿ ತಾಗುತ್ತದೆ. ಎಂ1ನಲ್ಲಿ ಫ್ಯಾನೇ ಇಲ್ಲ. ಕೆಲಸ ತುಂಬಾ ಹೊತ್ತು ಎಳೆದರೆ ತಾನೇ ಸ್ವಲ್ಪ ನಿಧಾನ ಮಾಡಿಕೊಳ್ಳುತ್ತದೆ, ಆದರೂ ಮೊದಲು ಮುಗಿಸುವುದು ಅದೇ. ಬ್ಯಾಟರಿಯಲ್ಲಂತೂ ವ್ಯತ್ಯಾಸ ಇನ್ನೂ ಜಾಸ್ತಿ. ವೈಫೈನಲ್ಲಿ ವೆಬ್ ನೋಡಲು ಇಂಟೆಲ್‌ಗೆ 11 ಗಂಟೆ, ಎಂ1ಗೆ 15 ಗಂಟೆ ಎಂದು ಆಪಲ್ ಹೇಳಿತ್ತು. ಬ್ಯಾಟರಿ ಅಷ್ಟೇ ಇದ್ದು ನಾಲ್ಕು ಗಂಟೆ ಹೆಚ್ಚು ಬರುತ್ತದೆಂದರೆ ಅದು ಚಿಪ್‌ನಿಂದಲೇ ಅಲ್ವಾ?

ಒಂದು ವ್ಯಾಟ್ ಕರೆಂಟಿಗೆ ಎಷ್ಟು ಕೆಲಸ ಆಗುತ್ತದೆ ಎನ್ನುವುದೇ ಇಲ್ಲಿ ಮುಖ್ಯ. 2005ರಲ್ಲಿ ಆಪಲ್ ತನ್ನ ಮ್ಯಾಕ್‌ಗಳಲ್ಲಿದ್ದ ಪವರ್‌ಪಿಸಿ ಎಂಬ ಜಾತಿಯ ಚಿಪ್ ಬಿಟ್ಟು ಇಂಟೆಲ್ ಹಿಡಿಯುವಾಗಲೂ ಅದರ ಮುಖ್ಯಸ್ಥ ಸ್ಟೀವ್ ಜಾಬ್ಸ್ ಕೊಟ್ಟ ಕಾರಣ ಇದೇ. ಪವರ್‌ಪಿಸಿ ಜಾತಿಯದೇ ಆದ ಐಬಿಎಂನ ಜಿ5 ಚಿಪ್ ಡೆಸ್ಕ್‌ಟಾಪ್‌ನಲ್ಲಿ ಓಡುತ್ತಿತ್ತು, ಆದರೆ ಅದರ ಬಿಸಿಗೆ ಲ್ಯಾಪ್‌ಟಾಪ್‌ನೊಳಗೆ ಕೂರಲೇ ಇಲ್ಲ.

ಇನ್ನೊಂದು ಕಾರಣ ಕಾಯುವಿಕೆ. ಇಂಟೆಲ್ ವರ್ಷಗಟ್ಟಲೆ 14 ನ್ಯಾನೋಮೀಟರ್ ಎಂಬ ತಯಾರಿಕಾ ವಿಧಾನದಲ್ಲೇ ಉಳಿಯಿತು (ಈ ಸಂಖ್ಯೆ ಚಿಕ್ಕದಾದಷ್ಟೂ ವಿಧಾನ ಹೊಸದು), 10 ನ್ಯಾನೋಮೀಟರ್ ಬರುವ ದಿನ ಮುಂದಕ್ಕೆ ಹೋಗುತ್ತಲೇ ಇತ್ತು. ಚಿಪ್ ತಡವಾದರೆ ಅದನ್ನು ನಂಬಿದ ಲ್ಯಾಪ್‌ಟಾಪೂ ತಡ, ಕಂಪ್ಯೂಟರ್ ಮಾಡುವವರು ಸುಮ್ನೆ ಕಾಯಬೇಕು. ಅತ್ತ ಐಫೋನಿಗೆ ಆಪಲ್ ವರ್ಷ ವರ್ಷ ಹೊಸ ಚಿಪ್ ಮಾಡಿಸುತ್ತಿತ್ತು. 2008ರಲ್ಲೇ ಪಿ.ಎ. ಸೆಮಿ ಎಂಬ ಚಿಪ್ ಕಂಪನಿಯನ್ನು ಕೊಂಡಿತ್ತು (ಅವರು ಆಗ ಮಾಡುತ್ತಿದ್ದದ್ದು ಪವರ್‌ಪಿಸಿ ಜಾತಿಯ ಚಿಪ್‌ಗಳನ್ನೇ!), 2010ರಲ್ಲಿ ಆಪಲ್‌ನ ಎ4 ಚಿಪ್ ಬಂತು, ಆಮೇಲೆ ತೈವಾನಿನ ಚಿಪ್ ತಯಾರಕ ಟಿಎಸ್‌ಎಂಸಿಯಲ್ಲಿ 5 ನ್ಯಾನೋಮೀಟರ್‌ನಲ್ಲಿ ಎಂ1 ತಯಾರಾಯಿತು. ಫೋನಿನಲ್ಲಿ ಹತ್ತು ವರ್ಷ ಪಳಗಿದ ಕೈ ಅದು.

ಹಾಗಂತ ಇಂಟೆಲ್ ಏರ್ ಎಲ್ಲದರಲ್ಲೂ ಹಿಂದಿಲ್ಲ. ಅದಕ್ಕೆ ಎರಡು 4ಕೆ ಮಾನಿಟರ್ ಹಾಕಬಹುದು, ಎಂ1 ಏರ್‌ಗೆ ಒಂದೇ. ನನಗೆ ಅದಕ್ಕಿಂತ ಮುಖ್ಯವಾದದ್ದು ಬೂಟ್ ಕ್ಯಾಂಪ್, ಅಂದರೆ ಮ್ಯಾಕ್‌ನಲ್ಲೇ ವಿಂಡೋಸ್ ಹಾಕಿಕೊಳ್ಳುವ ಸೌಲಭ್ಯ. ನುಡಿ ವಿಂಡೋಸ್‌ಗೆ ಮಾಡಿದ ಕನ್ನಡ ಟೈಪಿಂಗ್ ತಂತ್ರಾಂಶ. ಎಲ್ಲ ಕಂಪ್ಯೂಟರಿನಲ್ಲೂ ಒಂದೇ ತರ ಓದಲು ಬರುವ ಯೂನಿಕೋಡ್‌ಗೆ ಮೊದಲಿನ ನುಡಿ ಫಾಂಟ್‌ನಲ್ಲಿ ಪೇಜ್ ಮಾಡಿದ ಹಳೆ ಫೈಲುಗಳನ್ನು ತಿದ್ದಬೇಕಾದಾಗ ಇಂಟೆಲ್ ಏರನ್ನು ನೇರ ವಿಂಡೋಸ್‌ನಲ್ಲಿ ಬೂಟ್ ಮಾಡುತ್ತೇನೆ. ಎಂ1ನಲ್ಲಿ ಬೂಟ್ ಕ್ಯಾಂಪ್ ಇಲ್ಲ. ಇಂಟೆಲ್‌ಗೆ ಬರೆದ ಮ್ಯಾಕ್ ಆ್ಯಪ್‌ಗಳು ಮಾತ್ರ ರೊಸೆಟಾ 2 ಎಂಬ ಆಪಲ್‌ನ ಅನುವಾದಕ ತಂತ್ರಾಂಶದ ಮೂಲಕ ಅದರಲ್ಲಿ ಓಡುತ್ತವೆ. ಮೊದಲ ಸಲ ತೆರೆದಾಗ ಐಕಾನ್ ಕೆಳಗಿನ ಡಾಕ್‌ನಲ್ಲಿ ಕುಣಿಯುತ್ತಾ ಸ್ವಲ್ಪ ಕಾಯಿಸುತ್ತದೆ, ಎರಡನೇ ಸಲದಿಂದ ಬೇಗ ತೆರೆಯುತ್ತದೆ.

ಯೂನಿಕೋಡ್‌ನಲ್ಲೇ ಬರೆಯುವವರಿಗೆ ಈ ತೊಂದರೆ ಇಲ್ಲ. ಎಂ1 ಕೀಬೋರ್ಡಿನ ಎಡ ಮೂಲೆಯಲ್ಲಿ ಗ್ಲೋಬ್ ಗುರುತಿನ ಕೀ ಇದೆ. ಅದನ್ನು ಒತ್ತಿದರೆ ಇಂಗ್ಲಿಷ್‌ನಿಂದ ಕನ್ನಡಕ್ಕೆ ಬರುವಂತೆ ಸೆಟ್ ಮಾಡಿಕೊಂಡಿದ್ದೇನೆ, ಬೆರಳು ಈಗ ತಾನಾಗೇ ಅಲ್ಲಿಗೆ ಹೋಗುತ್ತದೆ.

ಸೆಕೆಂಡ್ ಹ್ಯಾಂಡ್ ಹುಡುಕುತ್ತಿದ್ದರೆ ಎಂ1 ತಗೊಳ್ಳಿ. 2025ರಲ್ಲಿ ಬಂದ ಆಪಲ್‌ನ ಆಪರೇಟಿಂಗ್ ಸಿಸ್ಟಂ ಮ್ಯಾಕ್ ಓಎಸ್ ಟಾಹೋ ಅದರ ಮೇಲೆ ಓಡುತ್ತದೆ, ಇಂಟೆಲ್ ಏರ್‌ಗೆ ಅದು ಸಿಗಲಿಲ್ಲ. ನುಡಿಯ ಹಳೆ ಫೈಲುಗಳ ರಾಶಿಯೇ ನಿಮ್ಮಲ್ಲಿದ್ದರೆ ಮಾತ್ರ ಇಂಟೆಲ್ ಏರ್ ನೋಡಿ, ಅದೂ ಬೆಲೆ ತುಂಬಾ ಕಮ್ಮಿ ಇದ್ದರೆ.