ಪೆರ್ಡಿಗಾನ್‌ಗೆ ದುಡ್ಡು ಸುರಿದೆ, ಫೆಸೆಂಟ್ ಟೇಲ್‌ಗೇ ವಾಪಸ್ ಬಂದೆ

ಪೆರ್ಡಿಗಾನ್, ಫೆಸೆಂಟ್ ಟೇಲ್ ಅಂದರೆ ಟ್ರೌಟ್ ಮೀನು ಹಿಡಿಯಲು ಕೊಕ್ಕೆಯ ಮೇಲೆ ಕಟ್ಟುವ ನಕಲಿ ಹುಳಗಳು. ಪೆರ್ಡಿಗಾನ್ ಕಟ್ಟೋಣ ಅಂತ ಯುವಿ ರೆಸಿನ್ (ನೇರಳಾತೀತ ಬೆಳಕಿಗೆ ಗಟ್ಟಿಯಾಗುವ ಅಂಟು), ಅದಕ್ಕೆ ಯುವಿ ಟಾರ್ಚು, ಟಂಗ್‌ಸ್ಟನ್ ಮಣಿ ಎಲ್ಲ ತರಿಸಿದೆ. 50 ಡಾಲರ್ ಹೋಯಿತು. ಈಗ ಆ ಡಬ್ಬಿ ಅಟ್ಟ ಸೇರಿದೆ, ನಾನು ಮತ್ತೆ ಫೆಸೆಂಟ್ ಟೇಲ್ ಕಟ್ಟುತ್ತಾ ಕೂತಿದ್ದೇನೆ. "ಇಷ್ಟು ಹೊತ್ತು ಹೂ ಕಟ್ಟಿದ್ದರೆ ದೇವರಿಗಾದರೂ ಆಗುತ್ತಿತ್ತು" ಅಂತ ಹೆಂಡತಿ.

ಎರಡೂ ಮೇಫ್ಲೈ ಎಂಬ ಕೀಟದ ಮರಿಯ, ಅಂದರೆ ನೀರಿನ ತಳದಲ್ಲಿ ಬೆಳೆಯುವ ನಿಂಫ್‌ನ, ನಕಲುಗಳೇ. ನಾನು ಹೋಗುವುದು ಪೆನ್ಸಿಲ್ವೇನಿಯಾದ ಸ್ಪ್ರಿಂಗ್ ಕ್ರೀಕ್ ಎಂಬ ಹೊಳೆಗೆ. ಅಲ್ಲಿ ಹಿಡಿದ ಟ್ರೌಟನ್ನು ನೀರಿಗೇ ಬಿಡಬೇಕು. ನಾನು ನಿಲ್ಲುವ ಕಡೆ ನೀರು ಮೊಣಕಾಲು ದಾಟುವುದಿಲ್ಲ.

ನಾನು ಕಟ್ಟುವುದು ಫ್ರಾಂಕ್ ಸಾಯರ್ ತೋರಿಸಿದ ರೀತಿ. ಆತ ಇಂಗ್ಲೆಂಡಿನ ಏವನ್ ನದಿ ಕಾಯುತ್ತಿದ್ದವನು. ದಾರವೇ ಬೇಡ. ಕೂದಲೆಳೆಯಂಥ ತಾಮ್ರದ ತಂತಿ, ಫೆಸೆಂಟ್ ಎಂಬ ಕೋಳಿ ಜಾತಿಯ ಹಕ್ಕಿಯ ಹುಂಜದ ಬಾಲದ ಗರಿಯಿಂದ ನಾಲ್ಕು ಎಳೆ, ಅಷ್ಟೇ. ತಂತಿಯಿಂದಲೇ ಎದೆಯ ಉಬ್ಬು, ಅದರಿಂದಲೇ ತೂಕ. ಕಾಲೂ ಕಟ್ಟುವುದಿಲ್ಲ. ಬೀಟಿಸ್ ಜಾತಿಯ ಮೇಫ್ಲೈ ಮರಿ ಈಜುವಾಗ ಕಾಲು ಮಡಚಿ ಮೈಗೆ ಒತ್ತಿಕೊಂಡಿರುತ್ತದೆ, ಅದನ್ನು ಸಾಯರ್ ನೋಡಿದ್ದ. ನಾನು ಹಳೆಯ ಅಡಾಪ್ಟರ್ ಒಡೆದು ಒಳಗಿನ ತಂತಿ ಬಿಚ್ಚಿಕೊಂಡೆ. ಖರ್ಚು ಸೊನ್ನೆ.

ಇನ್ನು ಪೆರ್ಡಿಗಾನ್. ಸ್ಪೇನ್ ಕಡೆಯದು. ಮಣಿ, ನುಣುಪಾದ ದಾರದ ಮೈ, ಮೇಲೆ ರೆಸಿನ್. ಕಲ್ಲಿನಂತೆ ಮುಳುಗುತ್ತದೆ. ಕಟ್ಟುವುದೂ ಸುಲಭ, ನಿಜ.

ಆದರೆ ಆ ರೆಸಿನ್! ಟಾರ್ಚ್ ಹಿಡಿದರೆ ಹತ್ತು ಸೆಕೆಂಡಿನಲ್ಲಿ ಗಟ್ಟಿಯಾಗುತ್ತದೆ ಅಂತ ಬಾಟಲಿ ಮೇಲೆ ಬರೆದಿತ್ತು. ಒಂದು ನಿಮಿಷ ಹಿಡಿದೆ. ಒಳಗೆ ಗಟ್ಟಿ, ಮೇಲೆ ಮಾತ್ರ ಹಲಸಿನ ಅಂಟು. ಸಂಜೆ ಹನ್ನೆರಡು ಕಟ್ಟಿ ಡಬ್ಬಿಗೆ ಹಾಕಿದೆ. ಬೆಳಗ್ಗೆ ನದಿ ದಡದಲ್ಲಿ ತೆಗೆದರೆ ಹನ್ನೆರಡೂ ಒಂದೇ ಉಂಡೆ, ಜೊತೆಗೆ ಜೇಬಿನ ನೂಲು, ಧೂಳು. ಬಿಡಿಸಲು ಹೋಗಿ ಬೆರಳಿಗೆ ಕೊಕ್ಕೆ ಚುಚ್ಚಿಸಿಕೊಂಡೆ.

ಆಮೇಲೆ ತಿಳಿಯಿತು. ಗಾಳಿಯ ಆಮ್ಲಜನಕ ತಾಗಿದ ಮೇಲಿನ ಪದರ ಪೂರ್ತಿ ಗಟ್ಟಿಯಾಗುವುದಿಲ್ಲ. ಆಲ್ಕೊಹಾಲ್‌ನಲ್ಲಿ ಒರೆಸಬೇಕು, ಇಲ್ಲವೇ ನೈಲ್ ಪಾಲಿಶ್ ಬಳಿಯಬೇಕು. ಎರಡೂ ಮಾಡಿದೆ, ಸರಿಹೋಯಿತು. ಆದರೆ ಒಂದು ಹುಳಕ್ಕೆ ಮೂರು ಬಾಟಲಿ ಮುಚ್ಚಳ ತೆಗೆಯುವ ತಾಳ್ಮೆ ನನಗಿಲ್ಲ. ನಾನು ಕೂರುವುದೇ ಊಟ ಮುಗಿದ ಮೇಲೆ, ಡೈನಿಂಗ್ ಟೇಬಲ್ ಮೇಲೆ.

ಮೊಲದ ತುಪ್ಪಳದಿಂದ ಮಾಡುವ ಹೇರ್ಸ್ ಇಯರ್ ಎಂಬ ಇನ್ನೊಂದು ಹುಳ ಕೂಡ ಕಟ್ಟಿ ನೋಡಿದ್ದೆ. ತುಪ್ಪಳ ಸಾರಿನ ಪಾತ್ರೆಗೆ ಬಿತ್ತು, ಅಲ್ಲಿಗೆ ಆ ಕಥೆ ಮುಗಿಯಿತು.

ಫೆಸೆಂಟ್ ಟೇಲ್‌ಗೂ ಒಂದು ದೋಷ ಇದೆ. ಟ್ರೌಟ್ ಹಲ್ಲಿಗೆ ಸಿಕ್ಕಿ ಗರಿಯ ಎಳೆ ಹರಿಯುತ್ತದೆ. ಎಳೆಯನ್ನು ತಂತಿಯ ಜೊತೆ ಹೊಸೆದು ಸುತ್ತಿದರೆ ಜಾಸ್ತಿ ಬಾಳುತ್ತದೆ. ಆದರೂ ನಾಲ್ಕೈದು ಮೀನಿನ ನಂತರ ಮೈ ಚಿಂದಿ. ಪೆರ್ಡಿಗಾನ್‌ಗೆ ಆ ತೊಂದರೆ ಇಲ್ಲ. ಆಳ ಜಾಸ್ತಿ ಇರುವ, ರಭಸದ ನೀರಲ್ಲಿ ಹಿಡಿಯುವವರಾದರೆ ಅದನ್ನೇ ಕಟ್ಟಿ, ನನ್ನ ಮಾತು ಕೇಳಬೇಡಿ. ನನಗೆ ಅಂಥ ಗುಂಡಿ ಸಿಕ್ಕರೆ ಅಂಗಡಿಯಲ್ಲಿ ಕೊಂಡ ನಾಲ್ಕು ಸಾಕು.

ಟಾರ್ಚು ಮಗಳ ಪಾಲಾಯಿತು. 20 ಡಾಲರ್ ನೋಟಿಗೆ ಹಿಡಿದು ಹಸಿರು ಗೆರೆ ಹೊಳೆಯುವುದನ್ನು ನೋಡುತ್ತಾಳೆ.