ಗೊಂಬೆ ಮನೆಗೆ ಹಳೆ ಕಾಲದ ಅಡುಗೆ: ಯಾವ ಹಿಟ್ಟು ವಾಸಿ?

ಮೈಸೂರಿನಲ್ಲಿ ಗೊಂಬೆ ಕೂರಿಸುವವರಿಗೆ ಶೆಟ್ಟರ ಅಂಗಡಿ ಹೊಸದಲ್ಲ. ಶೆಟ್ಟರ ದಂಪತಿ ಗೊಂಬೆಗಳ ಮುಂದೆ ನಿಜವಾದ ಅಕ್ಕಿ, ಬೇಳೆ, ಬೆಲ್ಲ ಇಟ್ಟರೆ ಮುಗಿಯಿತು. ಆದರೆ ಪಕ್ಕದಲ್ಲಿ ಒಂದು ಊಟದ ಪಂಕ್ತಿ ಮಾಡಲು ಹೊರಟರೆ ಕಷ್ಟ ಶುರು. ಗೊಂಬೆಯ ಎಲೆ ಮೇಲೆ ನಿಜವಾದ ತೊಗರಿಬೇಳೆ ಕುಂಬಳಕಾಯಿ ಹೋಳಿನ ಹಾಗೆ ಕಾಣುತ್ತದೆ.

ನಾನು ಎರಡು ದೃಶ್ಯ ಮಾಡಿದೆ. ಒಂದು ವಿಜಯನಗರ ಕಾಲದ ಊಟ. ಇನ್ನೊಂದು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಅರಮನೆ ಅಡುಗೆಮನೆ. ಅಳತೆ ಗೊಂಬೆ ಮನೆಯವರು ಬಳಸುವ 1:12, ಅಂದರೆ ಒಂದು ಅಡಿಗೆ ಒಂದು ಇಂಚು. ಎರಡಡಿ ಬಾಳೆಲೆ ಎರಡಿಂಚಾಗುತ್ತದೆ, ಮೂರಿಂಚಿನ ಇಡ್ಲಿ ಕಾಲಿಂಚಿಗೆ ಇಳಿಯುತ್ತದೆ. ಮೂರು ಬಗೆಯ ಹಿಟ್ಟನ್ನು ಪಕ್ಕಪಕ್ಕದಲ್ಲಿಟ್ಟುಕೊಂಡು ಇದನ್ನೆಲ್ಲ ಮಾಡಿ ನೋಡಿದೆ.

ಮೈದಾ-ಉಪ್ಪಿನ ಹಿಟ್ಟಿನ ವಿಷಯ ಬೇಗ ಮುಗಿಸುತ್ತೇನೆ. ಎರಡು ಪಾಲು ಮೈದಾ, ಒಂದು ಪಾಲು ಪುಡಿ ಉಪ್ಪು, ಕಲಸುವಷ್ಟು ನೀರು. ಖರ್ಚೇ ಇಲ್ಲ, ಮಕ್ಕಳ ಕೈಗೂ ಕೊಡಬಹುದು. ಮುದ್ದೆ, ಕಡುಬಿನಂಥ ದಪ್ಪ ಪದಾರ್ಥಕ್ಕೆ ಸಾಕು. ಆದರೆ ಉಪ್ಪು ಗಾಳಿಯ ತೇವ ಎಳೆದುಕೊಳ್ಳುತ್ತದೆ. ದಸರಾ ಹೊತ್ತಿಗೆ ಒಂದೆರಡು ಮಳೆ ಬಂದರೆ ಗಟ್ಟಿಯಾಗಿದ್ದ ಮುದ್ದೆ ಮತ್ತೆ ಮೆತ್ತಗಾಗುತ್ತದೆ. ವರ್ಷವಿಡೀ ಪೆಟ್ಟಿಗೆಯಲ್ಲಿಟ್ಟರೆ ಹುಳ, ಇರುವೆ ಬೇರೆ. ಒಂದು ಹಬ್ಬದ ಮಟ್ಟಿಗೆ ಸರಿ, ಅಷ್ಟೇ.

ಎರಡನೆಯದು ಕಾರ್ನ್‌ಫ್ಲೋರ್-ಫೆವಿಕಾಲ್ ಹಿಟ್ಟು. ಎರಡೂ ಸಮ ಸಮ, ಜೊತೆಗೆ ಒಂದೊಂದು ಚಮಚ ಬೇಬಿ ಆಯಿಲ್, ವಿನೆಗರ್. ಸಣ್ಣ ಉರಿಯಲ್ಲಿ ತಳ ಬಿಟ್ಟು ಉಂಡೆಯಾಗುವ ತನಕ ಕೆದಕಿ, ಬಿಸಿ ಇರುವಾಗಲೇ ನಾದಬೇಕು. ಇದಕ್ಕೆ ಹಳೇ ಬಾಣಲೆಯೊಂದನ್ನು ಬೇರೆ ಇಟ್ಟುಬಿಡಿ, ಅಡುಗೆಗೆ ಮತ್ತೆ ಬಳಸಬೇಡಿ. ಈ ಹಿಟ್ಟು ಎಷ್ಟು ತೆಳ್ಳಗೆ ಲಟ್ಟಿಸಿದರೂ ಹರಿಯುವುದಿಲ್ಲ. ಹೋಳಿಗೆಗೆ ಇದನ್ನು ಬಿಟ್ಟರೆ ಬೇರೆ ಇಲ್ಲ. ಅಂಚು ಮಡಚಿದರೂ ಬಿರುಕು ಬರಲಿಲ್ಲ. ಕಂದು ಬಣ್ಣದ ಚಾಕ್‌ಪೀಸ್ ಕೆರೆದು, ಆ ಪುಡಿಯನ್ನು ಬ್ರಷ್ಷಿನಲ್ಲಿ ಅಲ್ಲಲ್ಲಿ ಒತ್ತಿದರೆ ಕಾವಲಿಯ ಕಲೆ ರೆಡಿ. ಒಣಗಿದಾಗ ಕುಗ್ಗುತ್ತದೆ ಅನ್ನುವುದೊಂದೇ ತಲೆನೋವು. ಅದಕ್ಕೇ ಸ್ವಲ್ಪ ದೊಡ್ಡದಾಗಿಯೇ ಮಾಡಬೇಕು. ಒಣಗಿದ ಮೇಲೆ ಗಾಜಿನಂತಾಗದಿರಲು ಮೊದಲೇ ಚೂರು ಬಿಳಿ ಅಕ್ರಿಲಿಕ್ ಬಣ್ಣ ಕಲಸಿ.

ಇಡ್ಲಿಯನ್ನು ಅಚ್ಚ ಬಿಳಿ ಮಾಡಲು ಮನಸ್ಸು ಬರಲಿಲ್ಲ. 1025ರ ಸುಮಾರಿನ 'ಲೋಕೋಪಕಾರ'ದಲ್ಲಿ ಚಾವುಂಡರಾಯ ಹೇಳುವುದು ಮಜ್ಜಿಗೆಯಲ್ಲಿ ನೆನೆಸಿ ರುಬ್ಬಿದ ಉದ್ದಿನ ಇಡ್ಲಿಯನ್ನು. ಅಕ್ಕಿಯ ಮಾತೇ ಇಲ್ಲ. ಹಾಗಾಗಿ ಹಿಟ್ಟಿಗೆ ಒಂದು ಚಿಟಿಕೆ ಹಳದಿಮಣ್ಣಿನ ಬಣ್ಣ ಸೇರಿಸಿದೆ. ಸಾರೂ ಅಷ್ಟೇ, ಕೆಂಪಗಿರಬಾರದು. ಮೆಣಸಿನಕಾಯಿ, ಟೊಮೇಟೊ, ಆಲೂಗೆಡ್ಡೆ ಮೂರೂ ಅಮೆರಿಕ ಖಂಡದವು, ಪೋರ್ಚುಗೀಸರು ಬಂದ ಮೇಲೆ ನಮ್ಮ ಕಡೆ ಹಬ್ಬಿದವು. ಕೃಷ್ಣದೇವರಾಯನಿಗಿಂತ ಹಿಂದಿನ ಪಂಕ್ತಿಯಾದರೆ ಕಾಳುಮೆಣಸಿನ ಹಳದಿ-ಕಂದು ಸಾರೇ ಸರಿ. ಫೆವಿಕಾಲ್‌ಗೆ ಬಣ್ಣ ಕಲಸಿ ದೊನ್ನೆಗೆ ಬಿಟ್ಟರಾಯಿತು. ಅರಿಶಿನ ಮಾತ್ರ ಹಾಕಬೇಡಿ, ಬೆಳಕಿಗೆ ಬಣ್ಣ ಹಾರಿಹೋಗುತ್ತದೆ. ಅನ್ನಕ್ಕೆ ಚಿರೋಟಿ ರವೆ, ಕಡಲೆಕಾಳಿಗೆ ಗಸಗಸೆ, ನೆಲ್ಲಿಕಾಯಿಗೆ ಸಾಸಿವೆ. ಇವಕ್ಕೆ ಯಾವ ಹಿಟ್ಟೂ ಬೇಡ.

ಎಲ್ಲ ಬಡಿಸಿಟ್ಟ ಮೇಲೆ ಅತ್ತೆ ಬಂದು ಬಗ್ಗಿ ನೋಡಿದರು. "ಅದೆಲ್ಲ ಇರಲಿ, ಎಲೆ ತುದಿ ಎಡಕ್ಕೆ ಬರಬೇಕಲ್ವೇನೇ?" ಅಂದರು. ಎಲೆಗಳನ್ನೆಲ್ಲ ತಿರುಗಿಸಿ ಮತ್ತೆ ಅಂಟಿಸಿದ್ದಾಯಿತು.

ಇನ್ನು ಮೂರನೆಯದು ಪಾಲಿಮರ್ ಕ್ಲೇ, ಅಂದರೆ ಓವನ್ನಿನ ಶಾಖಕ್ಕೆ ಗಟ್ಟಿಯಾಗುವ ಪ್ಲಾಸ್ಟಿಕ್ ಹಿಟ್ಟು. ಬೆಲೆ ಜಾಸ್ತಿ, ಓವನ್ ಬೇಕು. ಪ್ಯಾಕೆಟ್ ಮೇಲೆ ಬರೆದಷ್ಟೇ ಶಾಖ ಕೊಡಬೇಕು, ಸಾಮಾನ್ಯವಾಗಿ 110ರಿಂದ 130 ಡಿಗ್ರಿ ಸೆಲ್ಸಿಯಸ್. ಮೀರಿದರೆ ಸುಟ್ಟು ಕೆಟ್ಟ ಹೊಗೆ ಬರುತ್ತದೆ. ಆದರೆ ಕುಗ್ಗುವುದಿಲ್ಲ, ಮಳೆಗೆ ಜಗ್ಗುವುದಿಲ್ಲ.

ಅರಮನೆ ಅಡುಗೆಮನೆಗೆ ಮೈಸೂರು ಪಾಕ್ ಇಲ್ಲದಿದ್ದರೆ ಹೇಗೆ? ನಾಲ್ವಡಿಯವರ ಅಡುಗೆಯವರಾಗಿದ್ದ ಕಾಕಾಸುರ ಮಾದಪ್ಪ ಇದನ್ನು ಮೊದಲು ಮಾಡಿದರು ಎಂದು ಊರೆಲ್ಲ ಹೇಳುವುದು. ಅವರ ವಂಶದವರ ಅಂಗಡಿ ಸಯ್ಯಾಜಿ ರಾವ್ ರಸ್ತೆಯಲ್ಲಿದೆ. ಕಾಲು ಕೆಜಿ ತಂದು, ಒಂದು ತುಂಡು ಮುರಿದು ಎದುರಿಗಿಟ್ಟುಕೊಳ್ಳಿ. ಉಳಿದದ್ದು ಏನಾಗುತ್ತದೆ ಅಂತ ಹೇಳಬೇಕಿಲ್ಲ. ಹಳೇ ಬಗೆಯ ಪಾಕ್‌ನಲ್ಲಿ ನಡುವೆ ಕಾವು ನಿಂತು ಬಣ್ಣ ಗಾಢವಾಗಿರುತ್ತದೆ, ಮೇಲೆ ಕೆಳಗೆ ತಿಳಿ. ಹಾಗಾಗಿ ಮೂರು ಪದರ ಮಾಡಿದೆ. ಹಳದಿ ಕ್ಲೇಗೆ ಅರೆಪಾರದರ್ಶಕ ಕ್ಲೇ ಬೆರೆಸಿದರೆ ತುಪ್ಪ ಜಿನುಗಿದ ಹಾಗೆ ಕಾಣುತ್ತದೆ. ನಡುವಿನ ಪದರಕ್ಕೆ ಮಾತ್ರ ಕಂದು. ನಾಲ್ಕು ಮಿಲಿಮೀಟರ್ ತುಂಡಿನ ಪಕ್ಕದಲ್ಲಿ ಸೂಜಿಯಿಂದ ಉದ್ದುದ್ದ ತೂತು, ಮೇಲೆ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ಒತ್ತು. ಇದನ್ನೇ ಕಾರ್ನ್‌ಫ್ಲೋರ್ ಹಿಟ್ಟಿನಲ್ಲಿ ಮಾಡಿದರೆ ಒಣಗುವಾಗ ತೂತುಗಳು ಮುಚ್ಚಿಕೊಂಡು ಸೋಪಿನ ಚೂರಿನಂತಾಗುತ್ತದೆ.

ಹಾಗಾಗಿ ನನ್ನ ಲೆಕ್ಕ ಇಷ್ಟು. ತೆಳು, ಮಡಚುವ ಪದಾರ್ಥಕ್ಕೆ ಕಾರ್ನ್‌ಫ್ಲೋರ್. ತೂತು, ಅಂಚು, ಪದರ ಕಾಣಬೇಕಾದ ಸಿಹಿಗೆ ಪಾಲಿಮರ್. ಒಂದನ್ನೇ ಕೊಳ್ಳಿ ಅಂದರೆ ಕಾರ್ನ್‌ಫ್ಲೋರ್ ಅಂತೀನಿ, ನಮ್ಮ ಊಟದಲ್ಲಿ ಮೆತ್ತಗಿರುವುದೇ ಜಾಸ್ತಿ.

ಪಾಲಿಮರ್ ತಗೊಂಡವರಿಗೆ ಎರಡು ಮಾತು. ಹೊಳಪಿಗೆ ಅಂತ ನೇಲ್ ಪಾಲಿಶ್ ಬಳಿಯಬೇಡಿ, ಕ್ರಮೇಣ ಅಂಟಂಟಾಗುತ್ತದೆ. ವಾಟರ್-ಬೇಸ್ಡ್ ವಾರ್ನಿಶ್ ಸಾಕು. ಬೇಯಿಸದ ಕ್ಲೇ ಉಳಿದರೆ ಗಾಜಿನ ಬಾಟಲಿಗೆ ಹಾಕಿ. ಕೆಲವು ಗಟ್ಟಿ ಪ್ಲಾಸ್ಟಿಕ್ ಡಬ್ಬಿಗಳನ್ನು ಅದು ಮೆತ್ತಗೆ ಮಾಡಿ ಅಂಟಿಕೊಂಡುಬಿಡುತ್ತದೆ.