ಕಡಲ ದಾರಿ, ಘಟ್ಟದ ದಾರಿ: ಪರದೇಶದ ಸೆಮಿಸ್ಟರಿಗೆ ಮುನ್ನ ಬೆನ್ನಚೀಲ ಹೊತ್ತು ನಡೆದ ಎರಡು ತಿರುಗಾಟಗಳು

ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಬೇಸಿಗೆಯ ಸೆಮಿಸ್ಟರ್ ಏಪ್ರಿಲ್ 1ರಂದು ಆರಂಭವಾಗುತ್ತದೆ. ಅಲ್ಲಿ ಒಂದು ಸೆಮಿಸ್ಟರ್ ಓದುವ ಅವಕಾಶ ನನಗೆ ದೊರೆತಿದೆ ಎಂಬುದು ನವೆಂಬರಿನಲ್ಲಿ ಖಚಿತವಾಯಿತು. ಅಷ್ಟರವರೆಗೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ನಮ್ಮ ಮನೆಯಿಂದ ನಾನೊಬ್ಬಳೇ ಹೋದ ಅತಿ ದೂರದ ಊರೆಂದರೆ ಮಂಗಳೂರು. ಆರು ತಿಂಗಳು ಗುರುತಿಲ್ಲದ ನಾಡಿನಲ್ಲಿ ಇರಬೇಕಾದವಳು ಅದಕ್ಕೆ ಮೊದಲು ಸ್ವಲ್ಪವಾದರೂ ಹೊರಗೆ ಇದ್ದು ನೋಡಬೇಕು, ಅದೂ ಹಿರಿಯರ ಕಾರಿನಲ್ಲಲ್ಲ, ಬೇಕಾದುದೆಲ್ಲವನ್ನೂ ಬೆನ್ನಿನ ಮೇಲೆ ಹೊತ್ತುಕೊಂಡು ಇರಬೇಕು ಎಂದು ಹೇಳಿದವಳು ಶಾಲಾದಿನಗಳಿಂದಲೂ ನನ್ನ ಜೊತೆಗಿರುವ ಗೆಳತಿ. ಅವಳು ಊರಿನಲ್ಲಿಯೇ ಉಳಿದು ಬಿ.ಎಡ್. ಮಾಡುವವಳು. ಆದುದರಿಂದ ಈ ತಿರುಗಾಟ ನನಗೆ ತಯಾರಿಯಾಗಿದ್ದರೆ, ನಮ್ಮಿಬ್ಬರಿಗೂ ಅಗಲಿಕೆಗೆ ಮೊದಲಿನ ಒಂದಿಷ್ಟು ದಿನಗಳೂ ಆಗಿತ್ತು.

ನಮ್ಮ ಮುಂದೆ ಎರಡು ದಾರಿಗಳಿದ್ದವು. ಒಂದು, ಕುಂಬಳೆಯಲ್ಲಿ ರೈಲು ಹತ್ತಿ ಕರಾವಳಿಯುದ್ದಕ್ಕೂ ಉತ್ತರಕ್ಕೆ ಗೋಕರ್ಣದವರೆಗೆ ಹೋಗುವುದು. ಇನ್ನೊಂದು, ಕಾಞಂಗಾಡಿನಿಂದ ಪೂರ್ವಕ್ಕೆ ತಿರುಗಿ ಪಾಣತ್ತೂರು, ರಾಣಿಪುರ, ಭಾಗಮಂಡಲ, ತಲಕಾವೇರಿಗಳನ್ನು ಕಂಡು ಮಡಿಕೇರಿ–ಸುಳ್ಯದ ಮೂಲಕ ಮನೆಗೆ ಮರಳುವುದು. ಯಾವುದು ಒಳ್ಳೆಯದೆಂದು ತೀರ್ಮಾನಿಸಲಾಗದೆ ಡಿಸೆಂಬರಿನಲ್ಲಿ ಮೊದಲನೆಯದನ್ನೂ ಜನವರಿಯಲ್ಲಿ ಎರಡನೆಯದನ್ನೂ, ತಲಾ ನಾಲ್ಕು ದಿನಗಳಂತೆ, ಮಾಡಿ ನೋಡಿದೆವು. ಯಾವ ಊರು ಚೆಂದ ಎಂಬುದನ್ನು ಇಲ್ಲಿ ಹೋಲಿಸಹೊರಟಿಲ್ಲ. ಪರದೇಶಕ್ಕೆ ಓದಲು ಹೊರಟವರಿಗೆ ಯಾವ ದಾರಿ ಹೆಚ್ಚು ಕಲಿಸುತ್ತದೆ ಎಂಬುದಷ್ಟೇ ನನ್ನ ಪ್ರಶ್ನೆ.

ಮೊದಲು ಚೀಲದ ಮಾತು. ಅಡಿಕೆ ತೂಗಲು ಅಪ್ಪ ಇಟ್ಟುಕೊಂಡಿರುವ ತಕ್ಕಡಿಯಲ್ಲಿ ಗೋಕರ್ಣಕ್ಕೆ ಹೊರಡುವ ದಿನ ನನ್ನ ಚೀಲ 11 ಕಿಲೋ 400 ಗ್ರಾಂ ತೂಗಿತು. ಎರಡು ದಪ್ಪ ಟವೆಲು, ಮೂರು ಜೊತೆ ಚಪ್ಪಲಿ–ಶೂ, ಅಮ್ಮ ಕಟ್ಟಿಕೊಟ್ಟ ಅವಲಕ್ಕಿ, ಉಪ್ಪಿನಕಾಯಿಯ ಗಾಜಿನ ಭರಣಿ ಎಲ್ಲವೂ ಅದರಲ್ಲಿದ್ದವು. ರೈಲಿನಲ್ಲಿ ಈ ಭಾರ ಗೊತ್ತೇ ಆಗಲಿಲ್ಲ, ಏಕೆಂದರೆ ಹತ್ತುವಾಗ ಎತ್ತಿ ಮೇಲಿಟ್ಟರೆ ಇಳಿಯುವವರೆಗೆ ಅದರ ನೆನಪೇ ಬೇಕಾಗಿರಲಿಲ್ಲ. ತಪ್ಪು ತಿಳಿದದ್ದು ಕುಡ್ಲೆ ಕಡಲತೀರದಿಂದ ಓಂ ತೀರಕ್ಕೆ, ಅಲ್ಲಿಂದ ಬಂಡೆಗಳ ನಡುವಿನ ಕಾಲುದಾರಿಯಲ್ಲಿ ಹಾಫ್ ಮೂನ್ ತೀರಕ್ಕೆ ನಡೆದ ದಿನ. ಸೊಂಟಪಟ್ಟಿಯನ್ನು ಬಿಗಿಯದೆ ಎಲ್ಲ ಭಾರವನ್ನೂ ಹೆಗಲಿನ ಮೇಲೆಯೇ ಬಿಟ್ಟಿದ್ದರಿಂದ ಸಂಜೆಗೆ ಎರಡೂ ಭುಜಗಳು ಕೆಂಪಾಗಿದ್ದವು. ಭಾರದ ಬಹುಪಾಲು ಸೊಂಟದ ಮೇಲೆ ಕೂರಬೇಕು, ತೂಕದ ವಸ್ತುಗಳು ಬೆನ್ನಿಗೆ ತಾಗಿಕೊಂಡು ಚೀಲದ ನಡುಭಾಗದಲ್ಲಿರಬೇಕು ಎಂಬುದನ್ನು ಗೆಳತಿ ಅಲ್ಲಿಯೇ ಚೀಲವನ್ನು ಬಿಚ್ಚಿ ಮತ್ತೆ ತುಂಬಿಸಿ ತೋರಿಸಿದಳು. ಜನವರಿಯ ತಿರುಗಾಟಕ್ಕೆ ಅದೇ ಚೀಲ 7 ಕಿಲೋ 200 ಗ್ರಾಂಗೆ ಇಳಿದಿತ್ತು. ಟವೆಲುಗಳ ಬದಲು ಒಂದೇ ಬೈರಾಸು, ಶೂ ಒಂದೇ ಜೊತೆ, ಭರಣಿ ಮನೆಯಲ್ಲಿ. ವಿಮಾನದ ಒಳಗೆ ಕೈಯಲ್ಲಿ ಒಯ್ಯಲು ಹಲವು ಕಂಪೆನಿಗಳು ಬಿಡುವುದು 7 ಅಥವಾ 8 ಕಿಲೋ ಮಾತ್ರ ಎಂಬುದನ್ನು ಗಮನಿಸಿದರೆ, ಈ ಪಾಠ ಗೋಕರ್ಣದಲ್ಲಿ ಆದದ್ದು ಒಳ್ಳೆಯದೇ ಆಯಿತು. ಘಟ್ಟದಲ್ಲಿ ಹನ್ನೊಂದು ಕಿಲೋ ಹೊತ್ತಿದ್ದರೆ ರಾಣಿಪುರದ ಅರ್ಧ ದಾರಿಯಲ್ಲೇ ಕೂರುತ್ತಿದ್ದೆ.

ಪ್ರಯಾಣದ ಅನುಕೂಲದಲ್ಲಿ ಕಡಲ ದಾರಿಗೆ ಸಾಟಿಯಿಲ್ಲ. ಮಂಗಳೂರಿನ ಬಳಿಯ ತೋಕೂರಿನಿಂದ ಮಹಾರಾಷ್ಟ್ರದ ರೋಹಾದವರೆಗಿನ ಕೊಂಕಣ ರೈಲುಮಾರ್ಗ 1998ರ ಜನವರಿ 26ರಿಂದ ಪೂರ್ತಿಯಾಗಿ ಸಂಚಾರಕ್ಕೆ ತೆರೆದುಕೊಂಡಿದೆ. ಅದರ ಮೇಲೆ ಪ್ಯಾಸೆಂಜರ್ ರೈಲಿನಲ್ಲಿ ಹೊನ್ನಾವರದ ಶರಾವತಿ ಸೇತುವೆಯನ್ನು ದಾಟುವಾಗ ನಾವಿಬ್ಬರೂ ಮಾತು ನಿಲ್ಲಿಸಿದೆವು. ಎರಡು ಕಿಲೋಮೀಟರಿಗಿಂತ ಉದ್ದದ ಆ ಸೇತುವೆ ಈ ಮಾರ್ಗದಲ್ಲೇ ಅತಿ ಉದ್ದವಾದದ್ದು. ವೇಳಾಪಟ್ಟಿ ಓದುವುದು, ಯಾವ ಪ್ಲಾಟ್‌ಫಾರಂ ಎಂದು ತಿಳಿಯುವುದು, ರೈಲು ತಡವಾದರೆ ಮುಂದಿನದನ್ನು ಹುಡುಕುವುದು, ಗೋಕರ್ಣ ರೋಡ್ ನಿಲ್ದಾಣದಲ್ಲಿ ಇಳಿದು ಪೇಟೆಯವರೆಗೆ ರಿಕ್ಷಾದ ಬಾಡಿಗೆ ಮಾತನಾಡುವುದು, ಇವೆಲ್ಲ ಯುರೋಪಿನಲ್ಲಿ ಪ್ರತಿದಿನವೂ ಬೇಕಾಗುವ ಅಭ್ಯಾಸಗಳು. ಆದರೆ ಈ ದಾರಿಯಲ್ಲಿ ಯಾವ ಕ್ಷಣದಲ್ಲಿ ಮನಸ್ಸು ಸೋತರೂ ಹಿಂದಿರುಗಲು ಒಂದು ರೈಲು ಇದ್ದೇ ಇರುತ್ತದೆ. ಮೊದಲ ರಾತ್ರಿಯೇ ನಾನು ಮರುದಿನದ ರೈಲಿನ ಸಮಯವನ್ನು ನೋಡಿಟ್ಟುಕೊಂಡಿದ್ದೆ. ಹಾಗೆ ನೋಡಿಟ್ಟುಕೊಂಡವಳು ಪೂರ್ತಿಯಾಗಿ ಹೊರಟವಳಲ್ಲ ಎಂದು ಈಗ ಅನಿಸುತ್ತದೆ.

ಘಟ್ಟದ ದಾರಿಯಲ್ಲಿ ಆ ಬಾಗಿಲು ಇರಲಿಲ್ಲ. ಕಾಞಂಗಾಡಿನಿಂದ ಪಾಣತ್ತೂರಿಗೆ ಬಸ್ಸುಗಳು ಧಾರಾಳವಾಗಿವೆ, ಅಲ್ಲಿಂದ ರಾಣಿಪುರಕ್ಕೆ ಜೀಪು ಸಿಗುತ್ತದೆ. ಹಿಂದೆ ಮಾಡತ್ತುಮಲ ಎಂಬ ಹೆಸರಿದ್ದ ಈ ಬೆಟ್ಟದಲ್ಲಿ ಶೋಲಾ ಕಾಡಿನ ನೆರಳಿನಿಂದ ಹೊರಬಂದೊಡನೆ ಹುಲ್ಲಿನ ಬೋಳುಗುಡ್ಡ ಎದುರಾಗುತ್ತದೆ. ಜನವರಿಯಲ್ಲಿ ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗಿರುತ್ತದೆ. ಏರುವ ಕಷ್ಟ ಒಂದೆರಡು ಗಂಟೆಯದು, ಅದರ ವಿಷಯವಾಗಿ ಹೆಚ್ಚು ಹೇಳಬೇಕಾಗಿಲ್ಲ. ನಿಜವಾದ ಪರೀಕ್ಷೆ ಎದುರಾದದ್ದು ಮರಳಿ ಪಾಣತ್ತೂರಿಗೆ ಇಳಿದ ಮೇಲೆ. ಅಲ್ಲಿಂದ ಕರಿಕೆಯ ಮೂಲಕ ಭಾಗಮಂಡಲಕ್ಕೆ ಹೋಗುವ ರಸ್ತೆ ಕಿರಿದಾದ ಕಾಡುದಾರಿ, ಬಸ್ಸುಗಳು ಬೆರಳೆಣಿಕೆಯವು. ನಾವು ನಂಬಿದ್ದ ಬಸ್ಸು ಆಗಲೇ ಹೋಗಿತ್ತು. ಕಾಞಂಗಾಡಿಗೆ ಹಿಂದಿರುಗೋಣ ಎಂದು ಗೆಳತಿ, ಕಾಯೋಣ ಎಂದು ನಾನು. ಹತ್ತು ವರ್ಷಗಳಲ್ಲಿ ನಾವು ಜಗಳವಾಡಿದ್ದು ಅದೇ ಮೊದಲು. ಎರಡೂವರೆ ಗಂಟೆ ಕಾದ ಬಳಿಕ, ನಾವು ಪುಟ್ಟು–ಕಡಲೆ ತಿಂದಿದ್ದ ಹೋಟೆಲಿನ ಚೇಚಿಯೇ (ಮಲಯಾಳದಲ್ಲಿ ಅಕ್ಕ) ಕರಿಕೆಗೆ ಹೊರಟಿದ್ದ ಜೀಪೊಂದನ್ನು ನಿಲ್ಲಿಸಿ, ಚಾಲಕನಿಗೆ ನಮ್ಮನ್ನು ಒಪ್ಪಿಸಿದರು. ಕರಿಕೆಯಿಂದ ಇನ್ನೊಂದು ವಾಹನ ಹಿಡಿದು ಭಾಗಮಂಡಲ ಸೇರಿದಾಗ ಕತ್ತಲಾಗಿತ್ತು.

ಆ ಎರಡೂವರೆ ಗಂಟೆಗಳನ್ನು ನಾನು ಬೆಲೆಯುಳ್ಳವೆಂದು ಎಣಿಸುತ್ತೇನೆ. ಜೊತೆಗಾರರೊಂದಿಗೆ ಭಿನ್ನಾಭಿಪ್ರಾಯ ಬಂದಾಗ ಏನು ಮಾಡಬೇಕು, ಕೈಯಲ್ಲಿ ಎಷ್ಟು ಹಣ ಉಳಿದಿದೆ, ಕತ್ತಲಾಗುವ ಮೊದಲು ಯಾವ ನಿರ್ಧಾರ ಕೈಗೊಳ್ಳಬೇಕು, ಯಾರನ್ನು ನಂಬಬಹುದು ಎಂಬುದೆಲ್ಲವನ್ನೂ ನಾವು ಒಬ್ಬರನ್ನೊಬ್ಬರು ಕೇಳಿಕೊಳ್ಳಬೇಕಾಯಿತು. ಗೋಕರ್ಣದಲ್ಲಿ ಇಂಥ ಸಂದರ್ಭ ಒಂದೂ ಬರಲಿಲ್ಲ.

ಭಾಷೆಯ ವಿಷಯದಲ್ಲಿಯೂ ಘಟ್ಟದ ದಾರಿಯೇ ಮುಂದು. ಕಾಸರಗೋಡನ್ನು ಸಪ್ತಭಾಷಾ ಸಂಗಮಭೂಮಿ ಎಂದು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಆದರೂ ಕನ್ನಡ ಮಾಧ್ಯಮದಲ್ಲಿ ಕಲಿತ ನನ್ನಂಥವರಿಗೆ ಜಿಲ್ಲೆಯ ದಕ್ಷಿಣಕ್ಕೆ ಹೋದಂತೆ ಬಸ್ಸಿನ ಮಲಯಾಳ ಫಲಕವನ್ನು ಅಕ್ಷರ ಕೂಡಿಸಿ ಓದಬೇಕಾಗುತ್ತದೆ. ಮಾತನಾಡಲು ಬರುವ ಭಾಷೆಯ ಫಲಕವೇ ಹೀಗೆ ತಡೆದು ನಿಲ್ಲಿಸುವುದಾದರೆ, ಮಾತೂ ಬಾರದ ಊರಿನಲ್ಲಿ ಹೇಗಾದೀತೆಂಬ ಅಂದಾಜು ಕಾಞಂಗಾಡಿನ ಬಸ್‌ಸ್ಟ್ಯಾಂಡಿನಲ್ಲೇ ಸಿಕ್ಕಿತು. ಭಾಗಮಂಡಲದಲ್ಲಿ ನಾವು ಉಳಿದ ಮನೆಯವರು ತಮ್ಮೊಳಗೆ ಕೊಡಗು–ಸುಳ್ಯದ ಕಡೆಯ ಕನ್ನಡದ ಒಂದು ಬಗೆಯಾದ ಅರೆಭಾಷೆಯಲ್ಲಿಯೂ ನಮ್ಮೊಂದಿಗೆ ಕನ್ನಡದಲ್ಲಿಯೂ ಮಾತನಾಡುತ್ತಿದ್ದರು. ಅರೆಭಾಷೆ ಅರ್ಧ ತಿಳಿದಂತಾಗಿ, ಅಷ್ಟರಲ್ಲೇ ಕೈಜಾರಿದಂತಾಗುವ ಆ ಅನುಭವ ನನಗೆ ಹೊಸದು. ಗೋಕರ್ಣದಲ್ಲಿ ಪೇಟೆಯಲ್ಲೆಲ್ಲ ಕನ್ನಡ, ಕಡಲತೀರದ ಹೋಟೆಲುಗಳಲ್ಲಿ ಇಂಗ್ಲಿಷು, ಹೀಗಾಗಿ ತಡವರಿಸಬೇಕಾದ ಪ್ರಸಂಗವೇ ಬರಲಿಲ್ಲ.

ಆದರೆ ವಸತಿಯ ಮಾತು ಬಂದಾಗ ನನ್ನ ತೀರ್ಪು ಗೋಕರ್ಣದ ಕಡೆಗೆ. ಅಲ್ಲಿ ಹೆಂಗಸರಿಗೆಂದೇ ಇರುವ ಡಾರ್ಮಿಟರಿಯಲ್ಲಿ ಆರು ಜನರೊಂದಿಗೆ ಮೂರು ರಾತ್ರಿ ಮಲಗಿದೆವು. ಲಾಕರಿಗೆ ನಮ್ಮದೇ ಬೀಗ ಬೇಕೆಂಬುದು ಗೊತ್ತಿರದೆ ಮೊದಲ ದಿನ ಪೇಟೆಗೆ ಓಡಿದ್ದು, ದೀಪ ಆರಿಸಿದ ಮೇಲೆ ಸದ್ದಿಲ್ಲದೆ ಚೀಲ ತೆರೆಯಲು ಕಲಿತದ್ದು, ಸ್ನಾನದ ಸರದಿಗೆ ಕಾದದ್ದು, ಎಲ್ಲವೂ ಹಂಚಿಕೊಂಡು ಬಾಳುವ ವಿದ್ಯಾರ್ಥಿನಿಲಯಕ್ಕೆ ನೇರವಾದ ತಾಲೀಮು. ಇಂಥ ಅಗ್ಗದ ವಸತಿಯ ಕಲ್ಪನೆ ಮೂಡಿದ್ದೇ ಜರ್ಮನಿಯಲ್ಲಿ. ರಿಚರ್ಡ್ ಶಿರ್ಮನ್ ಎಂಬ ಶಾಲಾ ಶಿಕ್ಷಕರು 1912ರಲ್ಲಿ ಆಲ್ಟೆನಾ ಎಂಬ ಊರಿನ ಕೋಟೆಯಲ್ಲಿ ಕಾಲ್ನಡಿಗೆಯ ಮಕ್ಕಳಿಗಾಗಿ ಮೊದಲ ಶಾಶ್ವತ ಯುವವಸತಿಯನ್ನು ತೆರೆದರು. ಬೇಕಲ ಕೋಟೆಯನ್ನು ನೋಡಿ ಬೆಳೆದ ನನಗೆ, ಕೋಟೆಯೊಳಗೆ ಮಕ್ಕಳು ಮಲಗುವ ಆ ಚಿತ್ರ ತುಂಬ ಹಿಡಿಸಿತು. ಭಾಗಮಂಡಲದ ಮನೆಯಲ್ಲಾದರೋ ನಮ್ಮನ್ನು ಮಕ್ಕಳಂತೆ ನೋಡಿಕೊಂಡರು, ಬಿಸಿ ಕಡಂಬುಟ್ಟು ಬಡಿಸಿದರು, ಕಂಬಳಿ ಹೊದಿಸಿದರು. ಅದು ಸುಖ, ತಯಾರಿಯಲ್ಲ.

ಖರ್ಚಿನಲ್ಲಿ ಹೆಚ್ಚಿನ ಅಂತರವಿಲ್ಲ. ನನ್ನ ಪಾಲಿಗೆ ಕಡಲ ದಾರಿಗೆ 4,260 ರೂಪಾಯಿ, ಘಟ್ಟಕ್ಕೆ 3,480 ರೂಪಾಯಿ ಆಯಿತು. ಗೋಕರ್ಣದಲ್ಲಿ ಹಣ ಹೋದದ್ದು ಊಟಕ್ಕೆ, ಘಟ್ಟದಲ್ಲಿ ಜೀಪಿಗೆ.

ಚಳಿಯನ್ನೂ ಹೇಳಬೇಕು. 1,276 ಮೀಟರ್ ಎತ್ತರದ ತಲಕಾವೇರಿಗೆ ಭಾಗಮಂಡಲದಿಂದ ಎಂಟು ಕಿಲೋಮೀಟರ್ ದಾರಿಯನ್ನು ಬೆಳಗ್ಗೆ ಬೇಗನೆ ಚೀಲ ಹೊತ್ತೇ ನಡೆದೆವು. ದಪ್ಪ ಸ್ವೆಟರ್ ಒಂದನ್ನೇ ತಂದಿದ್ದ ನಾನು ಏರುವಾಗ ಬೆವತು, ನಿಂತೊಡನೆ ನಡುಗಿದೆ. ತೆಳುವಾದ ಮೂರು ಬಟ್ಟೆಗಳನ್ನು ಒಂದರ ಮೇಲೊಂದು ತೊಟ್ಟಿದ್ದ ಗೆಳತಿ ಬೇಕಾದಂತೆ ತೆಗೆದು ಹಾಕಿಕೊಂಡು ಹಾಯಾಗಿದ್ದಳು. ಮಾರ್ಚ್ ಕೊನೆಗೆ ಇನ್ನೂ ಚಳಿಯಿರುವ ದೇಶಕ್ಕೆ ಏನು ಕೊಳ್ಳಬೇಕು ಎಂಬ ಪ್ರಶ್ನೆ ಅಲ್ಲಿಯೇ ಬಗೆಹರಿಯಿತು, ಅಂಗಡಿಯಲ್ಲಿ ನೋಡಿಟ್ಟಿದ್ದ ದುಬಾರಿ ಕೋಟಿನ ಹಣವೂ ಉಳಿಯಿತು.

ಆದುದರಿಂದ, ಒಂದೇ ತಿರುಗಾಟಕ್ಕೆ ಸಮಯವಿರುವವರು ಘಟ್ಟದ ದಾರಿಯನ್ನು ಆರಿಸಿಕೊಳ್ಳಬೇಕೆಂದು ನಾನು ಖಂಡಿತವಾಗಿ ಹೇಳುತ್ತೇನೆ. ಎರಡಕ್ಕೂ ಸಮಯವಿದ್ದರೆ ಕಡಲು ಮೊದಲು, ಘಟ್ಟ ಅನಂತರ. ಅಕ್ಟೋಬರಿನಲ್ಲಿ ಆರಂಭವಾಗುವ ಚಳಿಗಾಲದ ಸೆಮಿಸ್ಟರಿಗೆ ಹೋಗುವವರು ಮಾತ್ರ ಮೇ ತಿಂಗಳೊಳಗೆ ಮುಗಿಸಿಕೊಳ್ಳಬೇಕು. 2020ರ ಆಗಸ್ಟಿನಲ್ಲಿ ತಲಕಾವೇರಿಯ ಗುಡ್ಡ ಕುಸಿದು ಅರ್ಚಕರ ಮನೆಯೇ ಮಣ್ಣಿನಡಿ ಸೇರಿತ್ತು. ಮಳೆಗಾಲದಲ್ಲಿ ಆ ದಾರಿ ಬೆನ್ನಚೀಲದವರದಲ್ಲ.

ಗೆಳತಿ ಈ ತೀರ್ಪನ್ನು ಒಪ್ಪುವುದಿಲ್ಲ. ಸುಳ್ಯದಿಂದ ಜಾಲ್ಸೂರು, ಮುಳ್ಳೇರಿಯಗಳ ಮೂಲಕ ಬರುವ ಬಸ್ಸಿನಲ್ಲಿ ಅವಳನ್ನು ಕೇಳಿದೆ. ಮತ್ತೆ ಹೋಗುವುದಾದರೆ ಗೋಕರ್ಣಕ್ಕೇ ಹೋಗುತ್ತೇನೆ ಎಂದಳು. ಘಟ್ಟದಲ್ಲಿ ಬಸ್ಸು, ಜೀಪು, ಚಳಿ, ಏರು ಎಂದು ಇಬ್ಬರೂ ದಾರಿಯ ಚಿಂತೆಯಲ್ಲೇ ಇದ್ದೆವು, ಓಂ ತೀರದ ಬಂಡೆಯ ಮೇಲೆ ಕುಳಿತ ಸಂಜೆ ಮಾತ್ರ ನೀನು ಹೋಗುವುದರ ಬಗ್ಗೆ ನನ್ನೊಡನೆ ಮಾತನಾಡಿದೆ ಎಂದಳು. ಅವಳು ಹೇಳಿದ್ದು ನಿಜ. ಅದಕ್ಕೆ ನನ್ನ ಹೋಲಿಕೆಯಲ್ಲಿ ಉತ್ತರವಿಲ್ಲ.